ವಿಡಿಯೊ ಎಕ್ಸ್‌ಪೋರ್ಟ್ ಯಾಕಿಷ್ಟು ನಿಧಾನ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಮುಖ್ಯವಾಗಿ ವಿಂಡೋಸ್‌ನಲ್ಲಿ ಅಡೋಬಿ ಪ್ರೀಮಿಯರ್ ಪ್ರೊ ಅಥವಾ ಡಾವಿಂಚಿ ರಿಸಾಲ್ವ್ ಬಳಸುವವರಿಗೆ. ಮ್ಯಾಕ್ ಮತ್ತು ಮೊಬೈಲ್‌ನ ಮಾತು ಬಂದಲ್ಲಿ ಅದನ್ನು ಹೆಸರಿಸಿಯೇ ಹೇಳಿದೆ. ಓದುವ ಮೊದಲು ಒಂದು ಕೋರಿಕೆ: ತಡ ಆಗುತ್ತಿರುವುದು ಎಲ್ಲಿ ಅಂತ ಅಳೆದು ನೋಡದೆ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕಬೇಡಿ. ತೊಂದರೆ ಬಹಳಷ್ಟು ಸಲ ಒಂದು ಸೆಟ್ಟಿಂಗ್‌ನಲ್ಲೋ, ಟೈಮ್‌ಲೈನ್‌ನ ಒಂದೇ ಒಂದು ಕ್ಲಿಪ್‌ನಲ್ಲೋ ಕೂತಿರುತ್ತದೆ.

ಎಕ್ಸ್‌ಪೋರ್ಟ್ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆ?

ಪ್ರತಿ ಫ್ರೇಮ್‌ಗೂ ನಾಲ್ಕು ಕೆಲಸ. ಮೊದಲು ಮೂಲ ಫೈಲಿನ ಕಂಪ್ರೆಷನ್ ಬಿಡಿಸಿ ಚಿತ್ರ ಹೊರತೆಗೆಯಬೇಕು, ಇದು ಡಿಕೋಡ್. ಆಮೇಲೆ ಅದರ ಮೇಲೆ ಕಲರ್, ಟೈಟಲ್, ಎಫೆಕ್ಟ್ ಎಲ್ಲ ಕೂರಿಸಬೇಕು. ಮೂರನೆಯದು ತಯಾರಾದ ಚಿತ್ರವನ್ನು ಮತ್ತೆ ಎಚ್.264 ಅಥವಾ ಬೇರೆ ಕೋಡೆಕ್‌ಗೆ (ವಿಡಿಯೊ ಕುಗ್ಗಿಸುವ ವಿಧಾನಕ್ಕೆ) ಒತ್ತುವುದು, ಅಂದರೆ ಎನ್‌ಕೋಡ್. ಕೊನೆಗೆ ಡಿಸ್ಕ್‌ಗೆ ಬರೆಯುವುದು. ನಾಲ್ಕರಲ್ಲಿ ಯಾವುದು ಹಿಂದೆ ಬೀಳುತ್ತದೋ ಇಡೀ ಎಕ್ಸ್‌ಪೋರ್ಟ್ ಅದರ ವೇಗಕ್ಕೇ ಇಳಿಯುತ್ತದೆ. ಎನ್‌ಕೋಡ್ ಎಷ್ಟೇ ಚುರುಕಾಗಿದ್ದರೂ ಡಿಕೋಡ್ ಸೆಕೆಂಡಿಗೆ 10 ಫ್ರೇಮ್ ಮಾತ್ರ ಕೊಡುತ್ತಿದ್ದರೆ ಹೊರಗೆ ಬರುವುದೂ 10 ಫ್ರೇಮೇ.

ಎಷ್ಟು ಹೊತ್ತು ಹಿಡಿದರೆ ‘ನಿಧಾನ’ ಅನ್ನಬೇಕು?

ಬರೀ ಕಟ್, ಸ್ವಲ್ಪ ಕಲರ್, ಒಂದೆರಡು ಟೈಟಲ್ ಇರುವ 1080ಪಿ ವಿಡಿಯೊ ಆದರೆ, ಹಾರ್ಡ್‌ವೇರ್ ಎನ್‌ಕೋಡಿಂಗ್ (ಎನ್‌ಕೋಡ್‌ಗೆಂದೇ ಚಿಪ್ಪಿನಲ್ಲಿ ಬೇರೆ ಭಾಗ) ಇರುವ ಈಚಿನ ಕಂಪ್ಯೂಟರಿನಲ್ಲಿ ವಿಡಿಯೊದ ಅವಧಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯಬೇಕು. 4ಕೆ ಫುಟೇಜ್, ಮೇಲೆ ಗಟ್ಟಿಯಾದ ಗ್ರೇಡಿಂಗ್ ಇದ್ದರೆ ಅವಧಿಯಷ್ಟೇ ಹೊತ್ತು ಹಿಡಿಯುವುದು ಸಹಜ. ನಾಯ್ಸ್ ರಿಡಕ್ಷನ್ ಹಾಕಿದ್ದರೆ ಹಲವು ಪಟ್ಟು ಏರಿದರೂ ಅದು ದೋಷವಲ್ಲ, ಆ ಎಫೆಕ್ಟ್ ಕೇಳುವ ಲೆಕ್ಕವೇ ಅಷ್ಟು.

ಅಳೆಯಲು ಟೈಮ್‌ಲೈನ್‌ನ ನಡುವಿನಿಂದ 1 ನಿಮಿಷಕ್ಕೆ ಇನ್, ಔಟ್ ಹಾಕಿ ಅಷ್ಟನ್ನೇ ಎಕ್ಸ್‌ಪೋರ್ಟ್ ಮಾಡಿ, ಹಿಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಮುಂದೆ ಏನೇ ಬದಲಿಸಿದರೂ ಅದೇ 1 ನಿಮಿಷವನ್ನೇ ಮತ್ತೆ ಓಡಿಸಿ ಹೋಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಸಿಕ್ಕಿಕೊಂಡಿರುವುದು ಎಲ್ಲಿ ಅಂತ ಕಂಡುಹಿಡಿಯುವುದು ಹೇಗೆ?

ಎಕ್ಸ್‌ಪೋರ್ಟ್ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ. ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪಿನ, ಹೆಸರನ್ನು ಒತ್ತಿದರೆ ಬಲಗಡೆ ಒಂದಲ್ಲ, ಹಲವು ಗ್ರಾಫ್ ಬರುತ್ತವೆ: 3ಡಿ, ವಿಡಿಯೊ ಡಿಕೋಡ್, ವಿಡಿಯೊ ಎನ್‌ಕೋಡ್ ಹೀಗೆ. ‘ಜಿಪಿಯು ಬಳಕೆಯೇ ಆಗುತ್ತಿಲ್ಲ’ ಅನ್ನುವವರು ಹೆಚ್ಚಾಗಿ ನೋಡಿರುವುದು 3ಡಿ ಗ್ರಾಫ್ ಒಂದನ್ನೇ. ಎನ್‌ಕೋಡ್ ಮಾಡುವ ಭಾಗ ಚಿಪ್ಪಿನೊಳಗೆ ಬೇರೆಯೇ ಇದೆ, ಅದರ ಗ್ರಾಫೂ ಬೇರೆ.

ಸಿಪಿಯು (ಮುಖ್ಯ ಪ್ರೊಸೆಸರ್) 95 ಶೇಕಡದ ಮೇಲೆ, ವಿಡಿಯೊ ಎನ್‌ಕೋಡ್ ಸೊನ್ನೆ ಅಂತಿದ್ದರೆ ಎನ್‌ಕೋಡಿಂಗ್ ಪೂರ್ತಿ ಸಿಪಿಯು ಮೇಲೆ ಬಿದ್ದಿದೆ. ಕೆಳಗಿನ ಹಾರ್ಡ್‌ವೇರ್ ಎನ್‌ಕೋಡಿಂಗ್ ಪ್ರಶ್ನೆಗೆ ಹೋಗಿ. ವಿಡಿಯೊ ಎನ್‌ಕೋಡ್ 90ರ ಮೇಲೆ ನಿಂತಿದ್ದರೆ ಆ ಚಿಪ್ಪಿನ ಮಿತಿಯೇ ಅಷ್ಟು, ಸೆಟ್ಟಿಂಗ್‌ನಲ್ಲಿ ಹುಡುಕಲು ಹೆಚ್ಚೇನೂ ಉಳಿದಿಲ್ಲ. 3ಡಿ ತುಂಬಿದ್ದರೆ ಎಫೆಕ್ಟ್‌ಗಳ ಭಾರ. ಡಿಸ್ಕ್ 100ಕ್ಕೆ ಏರಿ, ಓದುವ ವೇಗ ಮಾತ್ರ ಸೆಕೆಂಡಿಗೆ ಕೆಲವೇ ಎಂಬಿ ತೋರಿಸುತ್ತಿದ್ದರೆ ಹಳೆಯ ಹಾರ್ಡ್‌ಡಿಸ್ಕ್ ತಡಕಾಡುತ್ತಿದೆ, ಇಲ್ಲವೇ ರ‍್ಯಾಮ್ ತುಂಬಿ ವಿಂಡೋಸ್ ಡಿಸ್ಕನ್ನೇ ರ‍್ಯಾಮಿನಂತೆ ಬಳಸುತ್ತಿದೆ.

ಎಲ್ಲವೂ 20, 30ರಲ್ಲೇ ಇದ್ದು, ಎಕ್ಸ್‌ಪೋರ್ಟ್ ಮಾತ್ರ ತೆವಳುತ್ತಿರುವುದು ಜನರನ್ನು ತುಂಬಾ ದಾರಿ ತಪ್ಪಿಸುತ್ತದೆ. ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. 12 ಚೌಕಗಳಲ್ಲಿ ಒಂದು ಮಾತ್ರ ತುಂಬಿದ್ದು ಉಳಿದವು ಖಾಲಿ ಇದ್ದರೆ, ಒಂದೇ ಕೋರ್‌ನಲ್ಲಿ ಓಡುವ ಹಳೆಯ ಪ್ಲಗಿನ್ ಅಥವಾ ಆಫ್ಟರ್ ಎಫೆಕ್ಟ್ಸ್‌ನಿಂದ ನೇರ ಜೋಡಿಸಿದ ಕಾಂಪೊಸಿಷನ್ ಮೇಲೆ ಮೊದಲ ಅನುಮಾನ. ಒಟ್ಟು ಸಿಪಿಯು 8 ಶೇಕಡ ಅಂತ ತೋರಿಸಿದರೂ ಆ ಒಂದು ಕೋರ್‌ಗೆ ಉಸಿರಾಡಲೂ ಬಿಡುವಿಲ್ಲ.

4 ನಿಮಿಷದ ವಿಡಿಯೊಗೆ 2 ಗಂಟೆ ಬಾಕಿ ಅಂತ ತೋರಿಸುತ್ತಿದೆ. ಏನಾಗಿದೆ?

ಮೊದಲು ಎಕ್ಸ್‌ಪೋರ್ಟ್ ಪರದೆಯಲ್ಲಿ ಒಟ್ಟು ಅವಧಿ ಎಷ್ಟಿದೆ ನೋಡಿ. ಟೈಮ್‌ಲೈನ್‌ನ ಬಲತುದಿಯಲ್ಲಿ, 1 ಗಂಟೆ 20 ನಿಮಿಷದ ಜಾಗದಲ್ಲಿ, ಎಡಿಟ್ ಮಾಡುವಾಗ ಬದಿಗೆ ಸರಿಸಿಟ್ಟ ತುಣುಕೊಂದು ಉಳಿದುಬಿಟ್ಟಿರುತ್ತದೆ. ಸಾಫ್ಟ್‌ವೇರ್ ಪಾಪ ನಡುವಿನ ಖಾಲಿ ಜಾಗವನ್ನೆಲ್ಲ ಕಪ್ಪು ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡುತ್ತಿರುತ್ತದೆ. ಪ್ರೀಮಿಯರ್‌ನಲ್ಲಿ ಬ್ಯಾಕ್‌ಸ್ಲಾಶ್ ಕೀ ಒತ್ತಿದರೆ ಇಡೀ ಟೈಮ್‌ಲೈನ್ ಒಂದೇ ನೋಟಕ್ಕೆ ಸಿಗುತ್ತದೆ. ಆ ತುಣುಕನ್ನು ಅಳಿಸಿ, ಅಥವಾ ರೇಂಜ್‌ನಲ್ಲಿ ಎಂಟೈರ್ ಸೀಕ್ವೆನ್ಸ್ ಬದಲು ಇನ್‌ನಿಂದ ಔಟ್‌ವರೆಗೆ ಅನ್ನುವುದನ್ನು ಆರಿಸಿ.

ಅವಧಿ ಸರಿ ಇದ್ದರೆ, ಮೊದಲ ಒಂದೆರಡು ನಿಮಿಷ ತೋರಿಸುವ ಅಂದಾಜನ್ನು ನಂಬಬೇಡಿ. ಆರಂಭದಲ್ಲೇ ಭಾರದ ಟೈಟಲ್ ಇದ್ದರೆ ಇಡೀ ವಿಡಿಯೊವೇ ಹಾಗಿದೆ ಅಂತ ಅದು ಲೆಕ್ಕ ಹಾಕುತ್ತದೆ.

ಪ್ರೀಮಿಯರ್ ಪ್ರೊನಲ್ಲಿ ಮೊದಲು ನೋಡಬೇಕಾದ ಸೆಟ್ಟಿಂಗ್ ಯಾವುದು?

ಎರಡು ಜಾಗ ಇವೆ, ಎರಡೂ ಬೇರೆ ಬೇರೆ ಕೆಲಸದವು. ಜನ ಒಂದನ್ನು ಸರಿ ಮಾಡಿ ಇನ್ನೊಂದನ್ನು ಮರೆಯುತ್ತಾರೆ.

ಮೊದಲನೆಯದು ಎಫೆಕ್ಟ್‌ಗಳಿಗೆ. ಫೈಲ್ ಮೆನು, ಪ್ರಾಜೆಕ್ಟ್ ಸೆಟ್ಟಿಂಗ್ಸ್, ಜನರಲ್‌ಗೆ ಹೋಗಿ. ರೆಂಡರರ್ ಅನ್ನುವಲ್ಲಿ ಮರ್ಕ್ಯುರಿ ಪ್ಲೇಬ್ಯಾಕ್ ಎಂಜಿನ್ ಜಿಪಿಯು ಆಕ್ಸಿಲರೇಷನ್ ಇರಬೇಕು. ಎನ್‌ವಿಡಿಯಾ ಕಾರ್ಡಿಗೆ ಕ್ಯುಡಾ, ಮ್ಯಾಕ್‌ಗೆ ಮೆಟಲ್ ಅಂತ ಕಾಣುತ್ತದೆ. ಸಾಫ್ಟ್‌ವೇರ್ ಓನ್ಲಿ ಅಂತಿದ್ದರೆ ಎಲ್ಲ ಎಫೆಕ್ಟ್‌ಗಳೂ ಸಿಪಿಯು ಪಾಲು. ಈ ಆಯ್ಕೆ ಪ್ರಾಜೆಕ್ಟ್ ಫೈಲಿನ ಜೊತೆಗೇ ಉಳಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೆರೆದು ಉಳಿಸಿ ವಾಪಸ್ ತಂದಿದ್ದರೆ ಸಾಫ್ಟ್‌ವೇರ್ ಓನ್ಲಿಯಲ್ಲೇ ನಿಂತಿರಬಹುದು. ಡ್ರೈವರ್ ಹಳೆಯದಾಗಿದ್ದರೂ ಹೀಗೇ ಆಗುತ್ತದೆ. ಎನ್‌ವಿಡಿಯಾದಲ್ಲಿ ಗೇಮ್ ರೆಡಿ ಬದಲು ಸ್ಟುಡಿಯೊ ಡ್ರೈವರ್ ಹಾಕಿಕೊಳ್ಳಿ, ಎಡಿಟಿಂಗ್‌ಗೆ ಅದೇ ನೆಮ್ಮದಿ.

ಎರಡನೆಯದು ಎನ್‌ಕೋಡ್‌ಗೆ. ಎಕ್ಸ್‌ಪೋರ್ಟ್ ಪರದೆಯಲ್ಲಿ ಎಚ್.264 ಆರಿಸಿ, ವಿಡಿಯೊ ಭಾಗದಲ್ಲಿ ಎನ್‌ಕೋಡಿಂಗ್ ಸೆಟ್ಟಿಂಗ್ಸ್ ತೆರೆದರೆ ಪರ್ಫಾರ್ಮೆನ್ಸ್ ಅಂತ ಒಂದು ಸಾಲು. ಅದು ಹಾರ್ಡ್‌ವೇರ್ ಎನ್‌ಕೋಡಿಂಗ್ ಆಗಿರಲಿ. ಎಫೆಕ್ಟ್ ಹೆಚ್ಚಿಲ್ಲದ ವಿಡಿಯೊದಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ ಇದೊಂದರಿಂದಲೇ ಬರುತ್ತದೆ.

ಹಾರ್ಡ್‌ವೇರ್ ಎನ್‌ಕೋಡಿಂಗ್ ಮಸುಕಾಗಿದೆ, ಆರಿಸಲು ಬಿಡುತ್ತಿಲ್ಲ. ಯಾಕೆ?

ಮೊದಲ ಕಾರಣ ವಿಬಿಆರ್ 2 ಪಾಸ್, ಅಂದರೆ ಇಡೀ ವಿಡಿಯೊವನ್ನು ಎರಡು ಸಲ ಹಾಯ್ದು ಎನ್‌ಕೋಡ್ ಮಾಡುವ ಆಯ್ಕೆ. ಅದು ಸಾಫ್ಟ್‌ವೇರ್ ಎನ್‌ಕೋಡಿಂಗ್‌ನಲ್ಲಿ ಮಾತ್ರ ನಡೆಯುತ್ತದೆ. 1 ಪಾಸ್‌ಗೆ ತಂದರೆ ಆಯ್ಕೆ ತಾನಾಗಿ ತೆರೆದುಕೊಳ್ಳುತ್ತದೆ.

ಅದರಿಂದಲೂ ಆಗದಿದ್ದರೆ ನಿಮ್ಮ ಚಿಪ್ಪಿನಲ್ಲಿ ಎನ್‌ಕೋಡರ್ ಇದೆಯೇ ನೋಡಿ. ಇಂಟೆಲ್‌ನ ಕ್ವಿಕ್ ಸಿಂಕ್ 2011ರಿಂದ ಇದೆ, ಆದರೆ ಅದು ಇರುವುದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ. ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳಲ್ಲಿ, ಉದಾಹರಣೆಗೆ ಐ5 12400ಎಫ್‌ನಲ್ಲಿ, ಆ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ, ಹಾಗಾಗಿ ಕ್ವಿಕ್ ಸಿಂಕೂ ಇಲ್ಲ. ಬೆಲೆ ಕಡಿಮೆ ಅಂತ ಎಫ್ ಕೊಂಡು, ಜೊತೆಗೆ ಜಿಟಿ 1030 ಕಾರ್ಡ್ ಹಾಕಿಸಿಕೊಂಡವರ ಪಾಡು ಕಷ್ಟ, ಯಾಕೆಂದರೆ ಜಿಟಿ 1030ರಲ್ಲೂ ಎನ್‌ವಿಡಿಯಾದ ಎನ್‌ಕೋಡರ್ ಇಲ್ಲ. ಎಎಂಡಿಯ ಆರ್‌ಎಕ್ಸ್ 6400 ಮತ್ತು ಆರ್‌ಎಕ್ಸ್ 6500 ಎಕ್ಸ್‌ಟಿ ಕೂಡ ಇದೇ ಸಾಲಿಗೆ ಸೇರುತ್ತವೆ: ಆಟಕ್ಕೆ ಸಾಕು, ಎನ್‌ಕೋಡ್‌ಗೆ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಈ ಮೂರು ಹೆಸರು ನೆನಪಿರಲಿ.

ಇನ್ನೊಂದು ಸಂದರ್ಭ ಉಂಟು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದ್ದರೂ ಕಾರ್ಡ್ ಹಾಕಿದ ಕೂಡಲೇ ಮದರ್‌ಬೋರ್ಡ್ ಅದನ್ನು ಮುಚ್ಚಿಬಿಡುತ್ತದೆ. ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್‌ಗೆ) ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಎಂಬ ಆಯ್ಕೆಯನ್ನು ಎನೇಬಲ್ ಮಾಡಿ, ವಿಂಡೋಸ್‌ಗೆ ಬಂದು ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಹೆಸರು ಬೋರ್ಡಿನಿಂದ ಬೋರ್ಡಿಗೆ ಕೊಂಚ ಬದಲಾಗಬಹುದು.

ಹಾರ್ಡ್‌ವೇರ್ ಎನ್‌ಕೋಡಿಂಗ್‌ನಲ್ಲಿ ಕ್ವಾಲಿಟಿ ಕಮ್ಮಿ ಅಂತಾರಲ್ಲ?

ಒಂದೇ ಬಿಟ್‌ರೇಟ್ (ವಿಡಿಯೊದ ಪ್ರತಿ ಸೆಕೆಂಡಿಗೆ ಕೊಡುವ ಡೇಟಾ) ಇಟ್ಟು ಹೋಲಿಸಿದರೆ ಒಳ್ಳೆಯ ಸಾಫ್ಟ್‌ವೇರ್ ಎನ್‌ಕೋಡರ್ ತುಸು ಮುಂದೆ, ನಿಜ. ಮಳೆ, ಎಲೆ, ದೂಳು, ಓಡಾಡುವ ಜನಜಂಗುಳಿ ಇರುವ ದೃಶ್ಯಗಳಲ್ಲಿ ಕಡಿಮೆ ಬಿಟ್‌ರೇಟ್ ಇಟ್ಟಾಗ ಅದು ಕಣ್ಣಿಗೆ ಕಾಣುತ್ತದೆ. ಬಿಟ್‌ರೇಟನ್ನು ಕಾಲು ಭಾಗ ಹೆಚ್ಚಿಸಿದರೆ ಅಂತರ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಯೂಟ್ಯೂಬಿಗೆ ಹಾಕುವುದಾದರೆ ಅವರು ಹೇಗೂ ಇನ್ನೊಮ್ಮೆ ಎನ್‌ಕೋಡ್ ಮಾಡುತ್ತಾರೆ. ಇದಕ್ಕಾಗಿ ರಾತ್ರಿಯಿಡೀ ಕಂಪ್ಯೂಟರ್ ಓಡಿಸುವ ಅಗತ್ಯವಿಲ್ಲ.

2 ಪಾಸ್, ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ, ಮ್ಯಾಕ್ಸಿಮಮ್ ಡೆಪ್ತ್: ಇವನ್ನೆಲ್ಲ ಟಿಕ್ ಮಾಡಲೇ?

ಬೇಡ. ಹೆಸರು ಕೇಳಿದರೆ ಮಾಡಲೇಬೇಕು ಅನಿಸುತ್ತದೆ, ಅದೇ ತೊಂದರೆ. 2 ಪಾಸ್ ಅಂದರೆ ಇಡೀ ವಿಡಿಯೊವನ್ನು ಎರಡು ಸಲ ಹಾಯುವುದು, ಹೊತ್ತೂ ಸುಮಾರು ಎರಡರಷ್ಟು. ಫೈಲ್ ಇಷ್ಟೇ ಎಂಬಿಯೊಳಗೆ ಕೂರಬೇಕು ಅನ್ನುವ ಕಟ್ಟುಪಾಡು ಇದ್ದಾಗ ಅದರಿಂದ ಪ್ರಯೋಜನ. ಮ್ಯಾಕ್ಸಿಮಮ್ ರೆಂಡರ್ ಕ್ವಾಲಿಟಿ ಚಿತ್ರವನ್ನು ಹಿಗ್ಗಿಸುವಾಗ, ಕುಗ್ಗಿಸುವಾಗ ನುಣುಪು ಕೊಡುವುದಕ್ಕೆ ಇರುವುದು. ರೆಂಡರರ್ ಜಿಪಿಯು ಮೇಲಿದ್ದರೆ ಆ ನುಣುಪು ಆಗಲೇ ಸಿಕ್ಕಿರುತ್ತದೆ. ಡೆಪ್ತ್ ಟಿಕ್ 10 ಬಿಟ್ ಫುಟೇಜ್, 10 ಬಿಟ್ ಔಟ್‌ಪುಟ್ ಎರಡೂ ಇದ್ದವರಿಗೆ.

ಬಿಟ್‌ರೇಟ್ ಎಷ್ಟಿಡಬೇಕು?

ಯೂಟ್ಯೂಬ್ ತಾನೇ ಶಿಫಾರಸು ಮಾಡುವ ಅಂಕಿ: 30 ಫ್ರೇಮ್‌ವರೆಗಿನ 1080ಪಿಗೆ ಸೆಕೆಂಡಿಗೆ 8 ಮೆಗಾಬಿಟ್, 60 ಫ್ರೇಮ್ ಆದರೆ 12. 4ಕೆಗೆ 35ರಿಂದ 45, 60 ಫ್ರೇಮ್‌ನ 4ಕೆಗೆ 53ರಿಂದ 68. ಹಾರ್ಡ್‌ವೇರ್ ಎನ್‌ಕೋಡ್ ಮಾಡುವವರು 1080ಪಿಗೆ 10ರಿಂದ 16ರ ನಡುವೆ ಇಟ್ಟರೆ ಸಾಕಷ್ಟು.

ಫೈಲ್ ಎಷ್ಟು ದೊಡ್ಡದಾಗುತ್ತದೆ ಅಂತ ಮೊದಲೇ ತಿಳಿಯಬಹುದು. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿ. 30 ನಿಮಿಷ, ಅಂದರೆ 1800 ಸೆಕೆಂಡಿನ ವಿಡಿಯೊವನ್ನು 16 ಮೆಗಾಬಿಟ್‌ನಲ್ಲಿ ತೆಗೆದರೆ 3600 ಎಂಬಿ. 80 ಮೆಗಾಬಿಟ್ ಇಟ್ಟರೆ ಅದೇ ವಿಡಿಯೊ 18 ಜಿಬಿ. 1080ಪಿಯಲ್ಲಿ ಕಣ್ಣಿಗೆ ಹೆಚ್ಚೇನೂ ಕಾಣದೆ, ಅಪ್‌ಲೋಡ್ ಹೊತ್ತು ಮಾತ್ರ ಐದು ಪಟ್ಟು.

ಎಚ್.265 ಒಳ್ಳೆಯದಂತೆ, ಅದರಲ್ಲೇ ತೆಗೆಯಲೇ?

ಫೈಲ್ ಚಿಕ್ಕದಾಗುತ್ತದೆ, ಆದರೆ ಹಾರ್ಡ್‌ವೇರ್ ನೆರವಿಲ್ಲದೆ ಸಿಪಿಯು ಮೇಲೆ ಮಾಡಿದರೆ ಎಚ್.264ಕ್ಕಿಂತ ಹಲವು ಪಟ್ಟು ಹೊತ್ತು. ನಿಮ್ಮ ಚಿಪ್ಪಿನಲ್ಲಿ ಎಚ್.265 ಎನ್‌ಕೋಡರ್ ಇದ್ದರೆ ಧಾರಾಳವಾಗಿ ಬಳಸಿ. ಅದಕ್ಕಿಂತ ಹೊಸ ಕೋಡೆಕ್ ಎವಿ1 ಇನ್ನೂ ಭಾರ. ಎನ್‌ವಿಡಿಯಾ ಆರ್‌ಟಿಎಕ್ಸ್ 40 ಸರಣಿ, ಎಎಂಡಿ ಆರ್‌ಎಕ್ಸ್ 7000 ಸರಣಿ, ಇಂಟೆಲ್ ಆರ್ಕ್ ಅಥವಾ ಅವುಗಳ ನಂತರದ ಕಾರ್ಡ್ ಇಲ್ಲದಿದ್ದರೆ ಅದರ ಗೊಡವೆ ಬೇಡ.

ಮೊಬೈಲ್‌ನಲ್ಲಿ ತೆಗೆದ ಫುಟೇಜ್ ಹಾಕಿದಾಗ ಮಾತ್ರ ನಿಧಾನ. ಯಾಕೆ?

ಮೊಬೈಲ್ ಕ್ಯಾಮೆರಾ, ಸ್ಕ್ರೀನ್ ರೆಕಾರ್ಡರ್‌ಗಳು ಫ್ರೇಮ್‌ಗಳನ್ನು ಸಮ ಅಂತರದಲ್ಲಿ ಬರೆಯುವುದಿಲ್ಲ. ಬೆಳಕು ಕಮ್ಮಿಯಾದರೆ, ಫೋನ್ ಬಿಸಿಯಾದರೆ ಸೆಕೆಂಡಿಗೆ 30 ಇದ್ದದ್ದು 27 ಆಗುತ್ತದೆ, ಮತ್ತೆ ಏರುತ್ತದೆ. ಪ್ರತಿ ಫ್ರೇಮ್ ಎಲ್ಲಿ ಕೂರಬೇಕು ಅಂತ ಎಡಿಟಿಂಗ್ ಸಾಫ್ಟ್‌ವೇರ್ ಹುಡುಕುತ್ತಾ ಹೋಗಬೇಕು. ತಡವಷ್ಟೇ ಅಲ್ಲ, ಉದ್ದದ ಮಾತುಕತೆಯಲ್ಲಿ ತುಟಿಗೂ ದನಿಗೂ ತಾಳ ತಪ್ಪುವುದಕ್ಕೂ ಇದೇ ಕಾರಣ.

ಮೀಡಿಯಾಇನ್ಫೊ ಎಂಬ ಉಚಿತ ಸಾಧನದಲ್ಲಿ ಫೈಲ್ ತೆರೆದು ಫ್ರೇಮ್ ರೇಟ್ ಮೋಡ್ ನೋಡಿ. ವೇರಿಯಬಲ್ ಅಂತಿದ್ದರೆ ಎಡಿಟ್ ಶುರು ಮಾಡುವ ಮೊದಲೇ ಹ್ಯಾಂಡ್‌ಬ್ರೇಕ್‌ನಲ್ಲಿ ಹಾಕಿ ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್‌ರೇಟ್ 30, ಕಾನ್‌ಸ್ಟಂಟ್ ಆರಿಸಿ, ಕ್ವಾಲಿಟಿಯ ಆರ್‌ಎಫ್ ಅಂಕಿ 18ರ ಆಸುಪಾಸು ಇಟ್ಟು ಪರಿವರ್ತಿಸಿ. ಅಂಕಿ ಇಳಿದಷ್ಟೂ ಗುಣಮಟ್ಟ ಹೆಚ್ಚು, ಫೈಲೂ ದೊಡ್ಡದು. ಎಡಿಟ್ ಅರ್ಧ ಆದ ಮೇಲೆ ಫೈಲ್ ಬದಲಿಸಲು ಹೋದರೆ ಕಟ್‌ಗಳೆಲ್ಲ ಒಂದೆರಡು ಫ್ರೇಮ್ ಸರಿಯುವ ಅಪಾಯವಿದೆ.

ಕ್ಯಾಮೆರಾದ 10 ಬಿಟ್ 4:2:2 ಫುಟೇಜ್‌ಗೆ ಒಳ್ಳೆಯ ಕಾರ್ಡ್ ಇದ್ದರೂ ಯಾಕೆ ಎಳೆಯುತ್ತದೆ?

ಬಣ್ಣದ ವಿವರ ಹೆಚ್ಚು ಹಿಡಿದಿಡುವ ಆ ಬಗೆಯ ಎಚ್.265 ಫೈಲನ್ನು ಬಿಡಿಸುವ ಶಕ್ತಿ ಎನ್‌ವಿಡಿಯಾ ಕಾರ್ಡುಗಳಿಗೆ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಿಂದ. ಅದಕ್ಕೂ ಹಿಂದಿನ ಆರ್‌ಟಿಎಕ್ಸ್ 4090 ಆದರೂ ಡಿಕೋಡ್ ಸಿಪಿಯುಗೇ ಬೀಳುತ್ತದೆ. ವಿಚಿತ್ರ ಅಂದರೆ ಇಂಟೆಲ್ 11ನೇ ತಲೆಮಾರಿನ ನಂತರದ ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಇದನ್ನು ಸಲೀಸಾಗಿ ಮಾಡುತ್ತದೆ. ಆಪಲ್‌ನ ಎಂ1 ಮತ್ತು ನಂತರದ ಚಿಪ್ಪುಗಳೂ ಮಾಡುತ್ತವೆ. ಹಾಗಾಗಿ ಮೇಲೆ ಹೇಳಿದಂತೆ ಬಯಾಸ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ತೆರೆದು, ಪ್ರೀಮಿಯರ್‌ನ ಪ್ರಿಫರೆನ್ಸಸ್, ಮೀಡಿಯಾದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಇಂಟೆಲ್ ಟಿಕ್ ಹಾಕಿ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಎಎಂಡಿ ಪ್ರೊಸೆಸರ್ ಇದ್ದು ಈ ದಾರಿ ಇಲ್ಲದವರು ಫುಟೇಜನ್ನು ಬಿಡಿಸಲು ಸುಲಭವಾದ ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ಎಡಿಟಿಂಗ್ ಕೋಡೆಕ್‌ಗೆ ಮೊದಲೇ ಪರಿವರ್ತಿಸಿಕೊಳ್ಳುವುದು ಲೇಸು. ಜಾಗ ಬೇಕು: 4ಕೆ 30 ಫ್ರೇಮ್ ಪ್ರೊರೆಸ್ 422 ಗಂಟೆಗೆ ಸುಮಾರು 265 ಜಿಬಿ ನುಂಗುತ್ತದೆ.

ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ವಿಂಡೋಸ್‌ನಲ್ಲಿ ನಿಧಾನ, ಮ್ಯಾಕ್‌ನಲ್ಲಿ ವೇಗ. ನಿಜವೇ?

ನಿಜ. ವಿಂಡೋಸ್‌ನಲ್ಲಿ ಎಚ್.264, ಎಚ್.265 ಫೈಲುಗಳನ್ನು ಗ್ರಾಫಿಕ್ಸ್ ಕಾರ್ಡಿನಿಂದ ಬಿಡಿಸುವ ಸವಲತ್ತು ಹಣ ಕೊಡುವ ಸ್ಟುಡಿಯೊ ಆವೃತ್ತಿಗೆ ಮೀಸಲು. ಮ್ಯಾಕ್‌ನಲ್ಲಿ ಉಚಿತ ಆವೃತ್ತಿಗೂ ಆ ನೆರವು ಸಿಗುತ್ತದೆ. ಉಚಿತದಲ್ಲೇ ಉಳಿಯುವವರು ಮೀಡಿಯಾ ಪುಟದಲ್ಲಿ ಕ್ಲಿಪ್‌ಗಳನ್ನು ಆರಿಸಿ ಜನರೇಟ್ ಆಪ್ಟಿಮೈಸ್ಡ್ ಮೀಡಿಯಾ (ಬಿಡಿಸಲು ಸುಲಭವಾದ ನಕಲು) ಮಾಡಿ, ಎಡಿಟ್ ಮುಗಿದ ಮೇಲೆ ಡೆಲಿವರ್ ಪುಟದ ಅಡ್ವಾನ್ಸ್ಡ್ ಭಾಗದಲ್ಲಿ ಯೂಸ್ ಆಪ್ಟಿಮೈಸ್ಡ್ ಮೀಡಿಯಾ, ಯೂಸ್ ರೆಂಡರ್ ಕ್ಯಾಶ್ಡ್ ಇಮೇಜಸ್ ಎರಡನ್ನೂ ಟಿಕ್ ಮಾಡಿ. ಎಚ್ಚರ ಒಂದಿದೆ: ಆಪ್ಟಿಮೈಸ್ಡ್ ಮೀಡಿಯಾವನ್ನು ಅರ್ಧ ಅಳತೆಯಲ್ಲಿ ಮಾಡಿಟ್ಟಿದ್ದರೆ ಎಕ್ಸ್‌ಪೋರ್ಟ್ ಚಿತ್ರವೂ ಮಸುಕಾಗುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಅದರ ರೆಸಲ್ಯೂಶನ್ ಒರಿಜಿನಲ್ ಆಗಿರಲಿ.

ಪ್ರಾಕ್ಸಿ ಮಾಡಿಕೊಂಡರೆ ಎಕ್ಸ್‌ಪೋರ್ಟ್ ಬೇಗ ಆಗುತ್ತದೆಯೇ?

ಇಲ್ಲ. ಪ್ರಾಕ್ಸಿ, ಅಂದರೆ ಮೂಲ ಫೈಲಿನ ಹಗುರ ನಕಲು, ಇರುವುದು ಎಡಿಟ್ ಮಾಡುವಾಗ ತೊಡರದೆ ಓಡಲಿ ಅಂತ. ಎಕ್ಸ್‌ಪೋರ್ಟ್ ಹೊತ್ತಿಗೆ ಸಾಫ್ಟ್‌ವೇರ್ ಮೂಲ ಫೈಲಿಗೇ ಹೋಗುತ್ತದೆ, ಹೋಗಲೂಬೇಕು.

ಯಾವ ಎಫೆಕ್ಟ್ ತಡ ಮಾಡುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಸೀಕ್ವೆನ್ಸ್ ಅನ್ನು ಡೂಪ್ಲಿಕೇಟ್ ಮಾಡಿ, ನಕಲಿನಲ್ಲಿ ಎಲ್ಲ ಕ್ಲಿಪ್ ಆರಿಸಿ ರಿಮೂವ್ ಆಟ್ರಿಬ್ಯೂಟ್ಸ್ ಕೊಡಿ, ಅಳತೆಗಿಟ್ಟ ಆ 1 ನಿಮಿಷವನ್ನು ಎಕ್ಸ್‌ಪೋರ್ಟ್ ಮಾಡಿ. ಸಮಯ ಗಣನೀಯವಾಗಿ ಇಳಿದರೆ ಕಳ್ಳ ಎಫೆಕ್ಟ್‌ಗಳೊಳಗೇ ಇದ್ದಾನೆ. ಇಳಿಯದಿದ್ದರೆ ಡಿಕೋಡ್ ಅಥವಾ ಎನ್‌ಕೋಡ್ ಕಡೆ ತಿರುಗಿ.

ಪ್ರೀಮಿಯರ್‌ನ ಎಫೆಕ್ಟ್ಸ್ ಪ್ಯಾನೆಲ್‌ನಲ್ಲಿ ಹೆಸರುಗಳ ಪಕ್ಕ ಪುಟ್ಟ ಗುರುತುಗಳಿವೆ. ಆಕ್ಸಿಲರೇಟೆಡ್ ಗುರುತು ಇರುವ ಎಫೆಕ್ಟ್ ಜಿಪಿಯು ಮೇಲೆ ಓಡುತ್ತದೆ, ಇಲ್ಲದ್ದು ಸಿಪಿಯು ಮೇಲೆ. ಲುಮೆಟ್ರಿ ಕಲರ್‌ಗೆ ಈ ಗುರುತಿದೆ. ಜಿಪಿಯು ಎಫೆಕ್ಟ್‌ಗಳ ನಡುವೆ ಗುರುತಿಲ್ಲದ ಒಂದೇ ಒಂದು ಸೇರಿಕೊಂಡರೂ ಫ್ರೇಮ್ ಜಿಪಿಯುನಿಂದ ಸಿಪಿಯುಗೆ ಹೋಗಿ ಮರಳಬೇಕಾಗುತ್ತದೆ, ಆ ಓಡಾಟಕ್ಕೂ ಹೊತ್ತು ಬೇಕು. ಅಡ್ಜಸ್ಟ್‌ಮೆಂಟ್ ಲೇಯರ್ ಮೇಲೆ ಅಂಥದ್ದೊಂದು ಇದ್ದರೆ ಇಡೀ ವಿಡಿಯೊಗೆ ಪೆಟ್ಟು.

ನಾಯ್ಸ್ ರಿಡಕ್ಷನ್, ವಾರ್ಪ್ ಸ್ಟೆಬಿಲೈಸರ್, ಆಫ್ಟರ್ ಎಫೆಕ್ಟ್ಸ್ ಕಾಂಪೊಸಿಷನ್‌ಗಳಿಗೆ ಒಂದೇ ಮದ್ದು: ಆ ಕ್ಲಿಪ್ ಮೇಲೆ ರೈಟ್ ಕ್ಲಿಕ್, ರೆಂಡರ್ ಅಂಡ್ ರಿಪ್ಲೇಸ್, ಕ್ವಿಕ್‌ಟೈಮ್ ಪ್ರೊರೆಸ್ 422. ಒಂದು ಸಲ ಬೆಂದು ಸಿದ್ಧವಾದ ಕ್ಲಿಪ್ ಆಮೇಲಿನ ಪ್ರತಿ ಎಕ್ಸ್‌ಪೋರ್ಟ್‌ಗೂ ಹಾಗೇ ಸಿಗುತ್ತದೆ. ಬದಲಾವಣೆ ಬೇಕಾದಾಗ ರೀಸ್ಟೋರ್ ಅನ್‌ರೆಂಡರ್ಡ್ ಒತ್ತಿದರೆ ಹಳೆಯದು ವಾಪಸ್. ನಾಯ್ಸ್ ರಿಡಕ್ಷನ್ ಅನ್ನು ಇಡೀ ಟೈಮ್‌ಲೈನ್‌ಗೆ ಹಾಕದೆ, ಕತ್ತಲಲ್ಲಿ ತೆಗೆದ ಕ್ಲಿಪ್‌ಗಳಿಗೆ ಮಾತ್ರ ಹಾಕಿ.

ಮದುವೆ ವಿಡಿಯೊದಲ್ಲಿ ಫೋಟೊ ಸ್ಲೈಡ್‌ಶೋ ಬಂದ ಕೂಡಲೇ ಎಕ್ಸ್‌ಪೋರ್ಟ್ ತೆವಳುತ್ತದೆ. ಫೋಟೊಗೆ ಏನು ಭಾರ?

ವಿಡಿಯೊ ಫ್ರೇಮ್‌ಗಿಂತ ಹೆಚ್ಚು ಭಾರ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ 6000 ಪಿಕ್ಸೆಲ್ ಅಗಲ, 4000 ಎತ್ತರ. ಡಿಸ್ಕ್ ಮೇಲೆ ಜೆಪೆಗ್ ಆಗಿ 10 ಎಂಬಿ ಇದ್ದರೂ ರ‍್ಯಾಮಿನಲ್ಲಿ ಬಿಚ್ಚಿಕೊಂಡಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 96 ಎಂಬಿ. ಪ್ರತಿ ಬಣ್ಣದ ಚಾನೆಲ್‌ಗೂ 32 ಬಿಟ್ ಎಂಬ ಲೆಕ್ಕಕ್ಕೆ ಏರಿದರೆ 384 ಎಂಬಿ. ಹೋಲಿಕೆಗೆ 1080ಪಿಯ ಒಂದು ಫ್ರೇಮ್ ಪಿಕ್ಸೆಲ್‌ಗೆ 4 ಬೈಟ್‌ನಲ್ಲಿ ಸುಮಾರು 8 ಎಂಬಿ. ಎರಡು ಫೋಟೊ ಒಂದರೊಳಗೊಂದು ಕರಗುವಾಗ ಎರಡೂ ಮೆಮೊರಿಯಲ್ಲಿರಬೇಕು, ಮೇಲೆ ಜೂಮ್ ಇದ್ದರೆ ಪ್ರತಿ ಫ್ರೇಮ್‌ಗೂ ಹೊಸದಾಗಿ ಕುಗ್ಗಿಸಬೇಕು. 4 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್ ಅಲ್ಲಿಗೆ ಸುಸ್ತು.

ಪರಿಹಾರ ಸುಲಭ. 1080ಪಿ ವಿಡಿಯೊಗೆ ಫೋಟೊಗಳ ಅಗಲವನ್ನು 2500 ಪಿಕ್ಸೆಲ್‌ಗೆ, ಜೋರಾದ ಜೂಮ್ ಇರುವಲ್ಲಿ 3840ಕ್ಕೆ ಇಳಿಸಿ. ಇರ್ಫಾನ್‌ವ್ಯೂನ ಬ್ಯಾಚ್ ಕನ್ವರ್ಷನ್ ಇಡೀ ಫೋಲ್ಡರನ್ನು ಒಂದೇ ಸಲ ಮಾಡಿಕೊಡುತ್ತದೆ. ಮೂಲ ಫೋಟೊಗಳ ಮೇಲೇ ಬರೆಯದಂತೆ ಬೇರೆ ಫೋಲ್ಡರ್ ಕೊಡಿ. ಆಲ್ಬಂ ಕೆಲಸಕ್ಕೆ ಅವು ಬೇಕು.

ಎಸ್‌ಎಸ್‌ಡಿ ಹಾಕಿಸಿದರೆ ವೇಗ ಬರುತ್ತದೆಯೇ?

ಬರೆಯುವ ಕಡೆಯಿಂದ ನೋಡಿದರೆ ಬಹುತೇಕ ಇಲ್ಲ. 16 ಮೆಗಾಬಿಟ್ ಅಂದರೆ ವಿಡಿಯೊದ ಪ್ರತಿ ಸೆಕೆಂಡಿಗೆ 2 ಎಂಬಿ. ಹಾರ್ಡ್‌ಡಿಸ್ಕ್ ಅದರ ಹಲವು ಪಟ್ಟು ಬರೆಯಬಲ್ಲದು. ಓದುವ ಕಡೆ ಕತೆ ಬೇರೆ: 4ಕೆ ಪ್ರೊರೆಸ್ 422ರ ಒಂದು ಕ್ಲಿಪ್ ಸೆಕೆಂಡಿಗೆ 74 ಎಂಬಿ ಕೇಳುತ್ತದೆ. ಎರಡು ಕ್ಲಿಪ್ ಒಂದರ ಮೇಲೊಂದು ಇದ್ದರೆ ಹಾರ್ಡ್‌ಡಿಸ್ಕಿನ ಮುಳ್ಳು ಅತ್ತಿತ್ತ ಓಡಾಡಿಯೇ ಸೋಲುತ್ತದೆ. ಕ್ಯಾಶ್ ಫೋಲ್ಡರ್ ಹಾರ್ಡ್‌ಡಿಸ್ಕಿನಲ್ಲಿದ್ದರೂ ಎಡಿಟಿಂಗ್ ಒದ್ದಾಡುತ್ತದೆ. ಪೆನ್‌ಡ್ರೈವ್, ಮೆಮೊರಿ ಕಾರ್ಡಿನಿಂದ ನೇರವಾಗಿ ಎಡಿಟ್ ಮಾಡುವ ರೂಢಿ ಇದ್ದರೆ ಅದನ್ನು ಇವತ್ತೇ ಬಿಡಿ.

ಹಾಗಾದರೆ ಮೊದಲು ದುಡ್ಡು ಹಾಕಬೇಕಾದದ್ದು ಯಾವುದಕ್ಕೆ?

ರ‍್ಯಾಮ್ 8 ಜಿಬಿ ಇದ್ದರೆ ಮೊದಲು ಅದಕ್ಕೆ, ಅನುಮಾನವೇ ಬೇಡ. 16 ಕನಿಷ್ಠ, 4ಕೆ ಕೆಲಸಕ್ಕೆ 32. ಒಂದೇ ಕಡ್ಡಿಯ ಬದಲು ಸಮ ಅಳತೆಯ ಎರಡು ಹಾಕಿಸಿ, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ಗೆ ಅದರಿಂದ ತುಂಬಾ ಅನುಕೂಲ. ಆಮೇಲಿನದನ್ನು ಟಾಸ್ಕ್ ಮ್ಯಾನೇಜರ್ ತೋರಿಸಿದ ಗ್ರಾಫೇ ನಿರ್ಧರಿಸಲಿ.

ಲ್ಯಾಪ್‌ಟಾಪ್‌ನಲ್ಲಿ ಮೊದಲ 10 ನಿಮಿಷ ಚುರುಕು, ಆಮೇಲೆ ಮಂದ. ಯಾಕೆ?

ಬಿಸಿ. ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ಸ್ಪೀಡ್ ಅಂಕಿ ನೋಡುತ್ತಿರಿ. 3.8 ಗಿಗಾಹರ್ಟ್ಸ್ ಇದ್ದದ್ದು 1.8ಕ್ಕೆ ಇಳಿದು ಅಲ್ಲೇ ನಿಂತರೆ, ಚಿಪ್ಪು ತನ್ನನ್ನು ಸುಡದಂತೆ ಕಾಪಾಡಿಕೊಳ್ಳುತ್ತಿದೆ. ಹಾಸಿಗೆ, ದಿಂಬಿನ ಮೇಲಿಡಬೇಡಿ, ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿ, ಫ್ಯಾನಿನ ದೂಳು ತೆಗೆಸಿ. ಹಳೆಯ ಯಂತ್ರವಾದರೆ ಥರ್ಮಲ್ ಪೇಸ್ಟ್ ಬದಲಿಸಿ.

ಬ್ಯಾಟರಿ ಮೇಲೆ ಎಕ್ಸ್‌ಪೋರ್ಟ್ ಮಾಡಬೇಡಿ, ಗ್ರಾಫಿಕ್ಸ್ ಚಿಪ್ಪು ಪೂರ್ತಿ ವೇಗಕ್ಕೆ ಏರುವುದೇ ಇಲ್ಲ. 180 ವಾಟ್ ಬೇಡುವ ಲ್ಯಾಪ್‌ಟಾಪಿಗೆ 65 ವಾಟ್ ಚಾರ್ಜರ್ ಚುಚ್ಚಿದರೂ ಅದೇ ಗತಿ. ವಿಂಡೋಸ್ ಸೆಟ್ಟಿಂಗ್ಸ್‌ನ ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್ ಇರಲಿ. ಡಿಸ್‌ಪ್ಲೇ ಅಡಿಯ ಗ್ರಾಫಿಕ್ಸ್ ಪುಟದಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಹೆಸರು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ.

37 ಶೇಕಡಕ್ಕೆ ಬಂದು ನಿಂತೇಬಿಟ್ಟಿದೆ. ಪ್ರತಿ ಸಲವೂ ಅಲ್ಲೇ.

ಪ್ರತಿ ಸಲ ಅಲ್ಲೇ ಅಂದರೆ ಆ ಜಾಗದ ಕ್ಲಿಪ್, ಎಫೆಕ್ಟ್ ಅಥವಾ ಟ್ರಾನ್ಸಿಷನ್‌ದೇ ತಪ್ಪು. 20 ನಿಮಿಷದ ವಿಡಿಯೊದಲ್ಲಿ 37 ಶೇಕಡ ಅಂದರೆ 7 ನಿಮಿಷ 24 ಸೆಕೆಂಡಿನ ಸುತ್ತಮುತ್ತ. ಅಲ್ಲಿ ಕಣ್ಣಿಗೆ ಏನೂ ಕಾಣದಿದ್ದರೆ ಟೈಮ್‌ಲೈನನ್ನು ಅರ್ಧ ಮಾಡಿ ಎಕ್ಸ್‌ಪೋರ್ಟ್ ಮಾಡಿ, ನಿಂತ ಅರ್ಧವನ್ನು ಮತ್ತೆ ಅರ್ಧ ಮಾಡಿ. ಐದು ಸಲ ಹೀಗೆ ಮಾಡುವಷ್ಟರಲ್ಲಿ 40 ಸೆಕೆಂಡಿನೊಳಗೆ ಹುಡುಕಾಟ ಬಂದು ನಿಲ್ಲುತ್ತದೆ. ಆ ಕ್ಲಿಪ್‌ನ ಎಫೆಕ್ಟ್ ತೆಗೆದು ನೋಡಿ. ಆಗಲೂ ನಿಂತರೆ ಫೈಲೇ ಹಾಳಾಗಿದೆ, ಮೆಮೊರಿ ಕಾರ್ಡಿನಿಂದ ಮತ್ತೊಮ್ಮೆ ಕಾಪಿ ಮಾಡಿ. ನಿಲ್ಲುವ ಜಾಗ ಸಲಕ್ಕೊಂದು ಕಡೆ ಬದಲಾಗುತ್ತಿದ್ದರೆ ರ‍್ಯಾಮ್, ಬಿಸಿ ಅಥವಾ ಡ್ರೈವರ್ ಕಡೆ ನೋಡಿ.

99ರಲ್ಲಿ ನಿಂತಿದೆ. ಮುಚ್ಚಲೇ?

ತಡೆಯಿರಿ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಗೆ ಬರೆಯುತ್ತದೆ. ಅದಿಲ್ಲದೆ ಫೈಲ್ ಎಲ್ಲೂ ತೆರೆಯುವುದಿಲ್ಲ. ಆಂಟಿವೈರಸ್ ತಪಾಸಣೆ, ಒನ್‌ಡ್ರೈವ್ ಸಿಂಕ್ ಕೂಡ ಈ ಹಂತದಲ್ಲಿ ಅಡ್ಡ ಬರುತ್ತವೆ. ಸಿಂಕ್ ಆಗದ, ಮಾಮೂಲಿ ಫೋಲ್ಡರಿಗೆ ಎಕ್ಸ್‌ಪೋರ್ಟ್ ಮಾಡಿ.

ಪೆನ್‌ಡ್ರೈವ್‌ಗೆ ತೆಗೆದರೆ 4 ಜಿಬಿ ಹತ್ತಿರ ಬಂದು ತಪ್ಪಾಗುತ್ತದೆ.

ಪೆನ್‌ಡ್ರೈವ್ ಫ್ಯಾಟ್32ರಲ್ಲಿದೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಮೊದಲು ಒಳಗಿರುವುದನ್ನು ಬೇರೆಡೆ ಕಾಪಿ ಮಾಡಿಕೊಂಡು. ಏನೇ ಆದರೂ ಒಳಗಿನ ಡಿಸ್ಕಿಗೆ ಎಕ್ಸ್‌ಪೋರ್ಟ್ ಮಾಡಿ ಆಮೇಲೆ ಕಾಪಿ ಮಾಡುವುದೇ ಸರಿ.

ಎಕ್ಸ್‌ಪೋರ್ಟ್ ನಡುವೆ ಕರೆಂಟ್ ಹೋದರೆ ಅಷ್ಟೂ ನಷ್ಟವೇ?

ಎಂಪಿ4 ಆದರೆ ಹೌದು, ಮೇಲೆ ಹೇಳಿದ ಸೂಚಿ ಬರೆದಿರುವುದಿಲ್ಲ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ 3 ಗಂಟೆಯ ಮದುವೆ ವಿಡಿಯೊವನ್ನು ಒಂದೇ ಫೈಲಾಗಿ ತೆಗೆಯುವ ಬದಲು ದೇವರಕಾರ್ಯ, ಮುಹೂರ್ತ, ಆರತಕ್ಷತೆ ಅಂತ ಭಾಗ ಮಾಡಿ ಕ್ಯೂನಲ್ಲಿ ಹಾಕಿ. ಹೋದರೆ ಒಂದು ಭಾಗ ಹೋಗುತ್ತದೆ, ಮುಗಿದವು ಉಳಿಯುತ್ತವೆ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಕೊಳ್ಳುವಾಗ ಅದರ ವಿಎ ಅಂಕಿಯನ್ನಲ್ಲ, ವಾಟ್ ಅಂಕಿಯನ್ನು ನೋಡಿ. ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಕಂಪ್ಯೂಟರ್ ಎಳೆಯುವ ವಾಟ್ ಬರೀ ಬ್ರೌಸಿಂಗ್‌ನ ಹೊತ್ತಿಗಿಂತ ಬಹಳ ಹೆಚ್ಚು.

ಇಡೀ ವಿಡಿಯೊ ತೆಗೆದ ಮೇಲೆ ಕನ್ನಡ ಟೈಟಲ್‌ನಲ್ಲಿ ಒಂದು ಒತ್ತಕ್ಷರ ತಪ್ಪಿರುವುದು ಕಂಡಿತು. ಪೂರ್ತಿ ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕೇ?

ಮಾಸ್ಟರ್ ಫೈಲ್ ಇಟ್ಟುಕೊಂಡಿದ್ದರೆ ಬೇಡ. ಕ್ರಮ ಹೀಗೆ: ಮೊದಲ ಸಲ ನೇರವಾಗಿ ಎಂಪಿ4 ತೆಗೆಯದೆ ಪ್ರೊರೆಸ್ 422ರಲ್ಲಿ ಮಾಸ್ಟರ್ ತೆಗೆಯಿರಿ. 1080ಪಿ 30 ಫ್ರೇಮ್ ಆದರೆ ಗಂಟೆಗೆ ಸುಮಾರು 66 ಜಿಬಿ. ಎಲ್ಲ ಎಫೆಕ್ಟ್‌ಗಳ ಲೆಕ್ಕ ಅದರೊಳಗೆ ಮುಗಿದಿರುವುದರಿಂದ ಅದರಿಂದ ಎಂಪಿ4 ತೆಗೆಯುವುದು ಚಿಟಿಕೆ ಹೊಡೆದಷ್ಟು ಸಲೀಸು. ತಪ್ಪು ಕಂಡಾಗ ಮೂಲ ಸೀಕ್ವೆನ್ಸ್‌ನಲ್ಲಿ ಟೈಟಲ್ ತಿದ್ದಿ, ಆ 6 ಸೆಕೆಂಡನ್ನು ಮಾತ್ರ ಅದೇ ಪ್ರೊರೆಸ್ 422ರಲ್ಲಿ ತೆಗೆದು, ಮಾಸ್ಟರ್ ಇರುವ ಹೊಸ ಸೀಕ್ವೆನ್ಸ್‌ನಲ್ಲಿ ಅದೇ ಜಾಗದ ಮೇಲಿನ ಟ್ರ್ಯಾಕ್‌ಗೆ ಕೂರಿಸಿ. ಕೋಡೆಕ್, ಅಳತೆ, ಫ್ರೇಮ್ ರೇಟ್ ಎಲ್ಲ ಒಂದೇ ಇದ್ದರೆ ಪ್ರೀಮಿಯರ್ ಹೊಸ ಮಾಸ್ಟರನ್ನು ಮರು ಎನ್‌ಕೋಡ್ ಮಾಡದೆ ಕಾಪಿ ಮಾಡುತ್ತದೆ. ರಿಸಾಲ್ವ್‌ನಲ್ಲಿ ಬೈಪಾಸ್ ರೀ ಎನ್‌ಕೋಡ್ ವೆನ್ ಪಾಸಿಬಲ್ ಎಂಬುದು ಇದೇ ಕೆಲಸಕ್ಕೆ.

ಒತ್ತಕ್ಷರವೇ ಒಡೆದು ಪಕ್ಕದಲ್ಲಿ ಬೀಳುತ್ತಿದ್ದರೆ ಅದು ಕಾಗುಣಿತದ ತಪ್ಪಲ್ಲ. ಟೈಟಲ್ ಬರೆಯುವ ಮೊದಲೇ ಪ್ರೀಮಿಯರ್‌ನ ಪ್ರಿಫರೆನ್ಸಸ್, ಗ್ರಾಫಿಕ್ಸ್‌ನಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್ ಮಾಡಿ, ಯೂನಿಕೋಡ್ ಫಾಂಟ್ ಬಳಸಿ. ಪೂರ್ತಿ ಎಕ್ಸ್‌ಪೋರ್ಟ್‌ಗೆ ಮುನ್ನ ಟೈಟಲ್ ಇರುವ ಜಾಗಗಳನ್ನು ಒಂದೊಂದಾಗಿ ನಿಲ್ಲಿಸಿ, ಹೆಸರುಗಳನ್ನು ಮನೆಯವರ ಹತ್ತಿರ ಓದಿಸಿಬಿಡಿ.

ಮೊಬೈಲ್ ಆ್ಯಪ್‌ನಲ್ಲೇ ಎಡಿಟ್ ಮಾಡುತ್ತೇನೆ. ಅಲ್ಲಿ ಏನು ಮಾಡಬಹುದು?

ಫೋನಿನ ಕವರ್ ತೆಗೆಯಿರಿ, ಚಾರ್ಜ್‌ಗೆ ಹಾಕಿಕೊಂಡು ಎಕ್ಸ್‌ಪೋರ್ಟ್ ಮಾಡಬೇಡಿ, ಎರಡರಿಂದಲೂ ಬಿಸಿ ಏರುತ್ತದೆ. ಎಕ್ಸ್‌ಪೋರ್ಟ್ ಆಗುವ ಫೈಲಿನ ಎರಡರಷ್ಟು ಜಾಗ ಖಾಲಿ ಇರಲಿ. 30 ಫ್ರೇಮ್‌ನಲ್ಲಿ ತೆಗೆದದ್ದನ್ನು 60 ಅಂತ ಎಕ್ಸ್‌ಪೋರ್ಟ್ ಮಾಡಬೇಡಿ: ಫ್ರೇಮ್‌ಗಳು ಜೋಡಿಯಾಗುತ್ತವೆ, ಹೊತ್ತು ಹೆಚ್ಚುತ್ತದೆ, ನೋಟ ಬದಲಾಗುವುದಿಲ್ಲ. ಎಕ್ಸ್‌ಪೋರ್ಟ್ ಮುಗಿಯುವವರೆಗೆ ಆ್ಯಪ್ ಪರದೆಯ ಮೇಲೇ ಇರಲಿ. ಹಿನ್ನೆಲೆಗೆ ಹೋದ ಆ್ಯಪನ್ನು ಬ್ಯಾಟರಿ ಉಳಿಸಲು ಫೋನ್ ನಿಲ್ಲಿಸಿಬಿಡಬಹುದು.